ಕಾರ್ಪೆಟ್ ಮೇಲೆ ನಾಯಿ, ಬೆಕ್ಕಿನ ಗಲೀಜು: ಮಷೀನಿಗೆ ಮೊದಲು, ಮಷೀನಿನಿಂದ, ಮಷೀನಿನ ನಂತರ

ಮುಂಬೈ ಮನೆಗಳಲ್ಲಿ ಕಾರ್ಪೆಟ್ ಅಂದರೆ ಹಾಲ್‌ನಲ್ಲಿ ಸೋಫಾದ ಮುಂದೆ ಒಂದು, ಬೆಡ್‌ರೂಮಿನಲ್ಲಿ ಮಂಚದ ಪಕ್ಕ ಇನ್ನೊಂದು, ಅಷ್ಟೇ ಅಲ್ವಾ. ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ ಇರುವುದು ಆಫೀಸುಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ. ಆದರೆ ಯೂಟ್ಯೂಬಿನಲ್ಲಿ ಸಿಗುವ ಕ್ಲೀನಿಂಗ್ ವೀಡಿಯೊಗಳಲ್ಲಿ ಬಹುಪಾಲು ಆ ಅಂಟಿಸಿದ ಕಾರ್ಪೆಟ್ಟಿನವೇ. ಅದನ್ನು ನೋಡಿ, ನೀರು ಚಿಮ್ಮಿಸಿ ವಾಪಸ್ ಹೀರುವ ಕಾರ್ಪೆಟ್ ಮಷೀನು ತರಿಸಿ, ಸೋಪು ಸುರಿದು, ನೀರು ಹೊಡೆದು, ಎರಡು ದಿನ ಬಿಟ್ಟು "ಅಯ್ಯೋ, ವಾಸನೆ ಮೊದಲಿಗಿಂತ ಜಾಸ್ತಿ ಆಯ್ತಲ್ಲ" ಅನ್ನುವವರು ನಮ್ಮ ಡೊಂಬಿವಲಿ, ಥಾಣೆ ಕಡೆ ಸಾಕಷ್ಟು ಮಂದಿ ಇದ್ದಾರೆ. ಮಷೀನು ಕೆಟ್ಟದ್ದು ಅಂತಲ್ಲ. ನೀರು ಹಾಕುವುದು ಸುಲಭ, ಹಾಕಿದ ನೀರನ್ನು ಪೂರ್ತಿ ಹೊರಗೆ ತೆಗೆಯುವುದು ಕಷ್ಟ. ಈ ಮಷೀನಿನ ನಿಜವಾದ ಕೆಲಸ ಹೀರುವುದು. ಮುಂದೆ ನಾನು ಹೇಳುವುದೆಲ್ಲ ಹೆಚ್ಚು ಕಡಿಮೆ ಆ ಒಂದು ವಿಷಯದ ಸುತ್ತಲೇ ಇದೆ.

ಮೊದಲು, ನಿಮ್ಮ ಹತ್ತಿರ ಇರುವುದು ಯಾವ ಮಷೀನು ನೋಡಿಕೊಳ್ಳಿ

ಕಸ ಹೀರುವ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಇದಕ್ಕೆ ಬೇಡವೇ ಬೇಡ. ಒದ್ದೆ ಜಾಗಕ್ಕೆ ಅದನ್ನು ಹಚ್ಚಿದರೆ ನೀರು ಮೋಟರಿಗೆ ಹೋಗುತ್ತದೆ, ಮಷೀನೂ ಹಾಳು, ಶಾಕ್ ಹೊಡೆಯುವ ಅಪಾಯ ಬೇರೆ. ಬೇಕಾಗಿರುವುದು ಎರಡು ಟ್ಯಾಂಕ್ ಇರುವ ಮಷೀನು. ಒಂದರಲ್ಲಿ ಚೊಕ್ಕ ನೀರು, ಸ್ವಲ್ಪ ಕ್ಲೀನರ್. ಇನ್ನೊಂದಕ್ಕೆ ಕೊಳಕು ನೀರು ಬಂದು ಬೀಳುತ್ತದೆ. ಗುಂಡಿ ಒತ್ತಿದರೆ ನೀರು ಚಿಮ್ಮುತ್ತದೆ, ಬಿಟ್ಟರೆ ಬರೀ ಹೀರುತ್ತದೆ. ಬಿಸೆಲ್‌ನ ಸ್ಪಾಟ್‌ಕ್ಲೀನ್, ಕಾರ್ಚರ್‌ನ ಪುಝಿ, ಎಸ್‌ಇ ಇವೆಲ್ಲ ಈ ಜಾತಿಯವು. ಸೋಫಾ ಕ್ಲೀನಿಂಗಿಗೆ ಮನೆಗೆ ಬರುವ ಹುಡುಗರು ತರುವುದೂ ಸಾಮಾನ್ಯವಾಗಿ ಇಂಥದ್ದೇ.

ಹಾಗಂತ ಕೂಡಲೇ ಹೋಗಿ ಖರೀದಿ ಮಾಡಬೇಕಾಗಿಲ್ಲ. ಮನೆಯಲ್ಲಿ 'ವೆಟ್ ಅಂಡ್ ಡ್ರೈ' ಅಂತ ಬರೆದಿರುವ ವ್ಯಾಕ್ಯೂಮ್ ಇದ್ದರೆ ಮುಕ್ಕಾಲು ಕೆಲಸ ಅದರಿಂದಲೇ ಆಗುತ್ತದೆ. ನೀರು ಹಾಕುವುದಕ್ಕೆ ಬಟ್ಟೆ ಇಸ್ತ್ರಿಗೆ ಇಟ್ಟುಕೊಂಡಿರುವ ಸ್ಪ್ರೇ ಬಾಟಲಿ ಸಾಕು, ಹೀರುವುದಕ್ಕೆ ಮಷೀನು. ಒದ್ದೆ ಹೀರುವ ಮೊದಲು ಅದರೊಳಗಿನ ಕಾಗದದ ಚೀಲ ತೆಗೆದು ಫೋಮ್ ಫಿಲ್ಟರ್ ಹಾಕಬೇಕು, ಇದನ್ನು ಮರೆಯುವವರೇ ಜಾಸ್ತಿ.

ಕೊಂಡುಕೊಳ್ಳುವುದೇ ಆದರೆ ಚಿಕ್ಕದು ಕೊಳ್ಳಿ ಅಂತ ನನ್ನ ಸಲಹೆ. ನಿಂತುಕೊಂಡು ತಳ್ಳುವ ಎತ್ತರದ ಮಷೀನುಗಳು ಮನೆಯೆಲ್ಲ ಕಾರ್ಪೆಟ್ ಇರುವ ದೇಶದವರಿಗೆ ಮಾಡಿದ್ದು. ಬಿಸೆಲ್ ಕಂಪನಿಯ ಹುಟ್ಟೇ ಅಮೆರಿಕದ ಮಿಷಿಗನ್‌ನಲ್ಲಿ, 1876ರಲ್ಲಿ ಮೆಲ್ವಿಲ್ ಬಿಸೆಲ್ ಕಾರ್ಪೆಟ್ ಗುಡಿಸುವ ಯಂತ್ರಕ್ಕೆ ಪೇಟೆಂಟ್ ತಗೊಂಡಾಗಿನಿಂದ ಅವರ ಲೆಕ್ಕಾಚಾರವೆಲ್ಲ ಅಲ್ಲಿನ ಮನೆಗಳದ್ದು. ನಮ್ಮ ಒನ್ ಬಿಎಚ್‌ಕೆಯಲ್ಲಿ ಅದನ್ನು ಇಡುವುದೆಲ್ಲಿ? ಲಾಫ್ಟ್ ಮೇಲೆ ಹೋದ ಮಷೀನು ಕೆಳಗೆ ಇಳಿಯುವುದು ಮನೆ ಬದಲಿಸುವಾಗಲೇ. ಚಿಕ್ಕದಾದರೆ ಸೋಫಾ, ಹಾಸಿಗೆ, ಕಾರಿನ ಸೀಟು ಎಲ್ಲಕ್ಕೂ ಆಗುತ್ತದೆ.

ಒಂದು ಮಾತು, ಬಿಸಿ ಉಗಿ ಬಿಡುವ ಸ್ಟೀಮ್ ಕ್ಲೀನರ್ ಬೇರೆ, ಇದು ಬೇರೆ. ಉಚ್ಚೆ, ವಾಂತಿ, ರಕ್ತ ಇವುಗಳ ಮೇಲೆ ಉಗಿ ಬಿಡಬೇಡಿ. ಶಾಖಕ್ಕೆ ಅದರಲ್ಲಿರುವ ಪ್ರೋಟೀನ್ ಎಳೆಗಳಿಗೆ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಯಾವ ದೇವರು ಬಂದರೂ ಬಿಡಿಸುವುದು ಕಷ್ಟ.

ಕಾರ್ಪೆಟ್ ಯಾವುದರದ್ದು?

ಇದು ಗೊತ್ತಿಲ್ಲದೆ ನೀರು ಮುಟ್ಟಿಸಬಾರದು. ಹಿಂದಿನ ಲೇಬಲ್ ನೋಡಿ. ಆನ್‌ಲೈನಿನಲ್ಲಿ ತರಿಸಿದ ಹೊಳೆಯುವ ಸಿಂಥೆಟಿಕ್ ಕಾರ್ಪೆಟ್ ಆದರೆ ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್ ಇಲ್ಲವೇ ಪಾಲಿಯೆಸ್ಟರ್. ಅದು ನೀರು, ಸೋಪು ತಡೆದುಕೊಳ್ಳುತ್ತದೆ, ಧೈರ್ಯವಾಗಿ ಮಷೀನು ಹಚ್ಚಿ. ಚಿಕ್ಕದಾಗಿದ್ದರೆ ಬಾತ್‌ರೂಮಿಗೇ ಎಳೆದುಕೊಂಡು ಹೋಗಿ ತೊಳೆದುಬಿಡಿ, ಮಷೀನನ್ನು ಕೊನೆಗೆ ನೀರು ಹೀರುವುದಕ್ಕೆ ಮಾತ್ರ ಬಳಸಿ.

ಉಣ್ಣೆಯದ್ದು, ಅಂದರೆ ಭದೋಹಿ, ಮಿರ್ಜಾಪುರ ಕಡೆಯಿಂದ ಬರುವ ಕೈಗಂಟಿನ ಕಾರ್ಪೆಟ್ ಆದರೆ ತಣ್ಣೀರು, ಕಡಿಮೆ ನೀರು, ಮೋಟರಿನಿಂದ ತಿರುಗುವ ಬ್ರಷ್ ಬಂದ್. ಅಂಚಿನ ಕುಚ್ಚುಗಳ ಹತ್ತಿರ ಮಷೀನಿನ ಬಾಯಿ ಹೋಗಲೇಬಾರದು, ಎಳೆದು ಹರಿದು ಹಾಕುತ್ತದೆ. ರೇಷ್ಮೆ ಆದರೆ, ಅಥವಾ ರೇಷ್ಮೆ ಥರ ಕಾಣುವ ವಿಸ್ಕೋಸ್ ಆದರೆ, ಒಣ ಬಟ್ಟೆಯಲ್ಲಿ ಒತ್ತಿ ಹಿಂಗಿಸಿ, ಕಾರ್ಪೆಟ್ ತೊಳೆಯುವುದೇ ಕಸುಬಾಗಿರುವವರಿಗೆ ಕೊಡಿ. ವಿಸ್ಕೋಸ್ ನೀರಿಗೆ ಬಿದ್ದರೆ ಎಳೆ ಸತ್ತು ಹೋಗುತ್ತದೆ, ಹಳದಿ ಆಗುತ್ತದೆ. ಸೆಣಬಿನ ಕಾರ್ಪೆಟ್ಟೂ ಅಷ್ಟೇ, ಒದ್ದೆಯಾಗಿ ಒಣಗಿದ ಮೇಲೆ ಕಂದು ಕಲೆ ಬರುತ್ತದೆ, ಆ ಕಲೆ ನಾಯಿ ಮಾಡಿದ್ದಲ್ಲ, ನೀರು ಮಾಡಿದ್ದು. ಪ್ರಾಣಿ ಇರುವ ಮನೆಗೆ ಸೆಣಬಿನದ್ದು ತರುವುದೇ ಬೇಡ ಅನ್ನುತ್ತೇನೆ.

ಇನ್ನು ನಮ್ಮವರ ಮನೆಗಳಲ್ಲಿ ಊರಿಂದ ತಂದ ನವಲಗುಂದದ ಜಮಖಾನೆ ಇರುತ್ತದೆ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಆ ಊರಿನದೇ ವಸ್ತು ಅನ್ನುವ ಮಾನ್ಯತೆ ಸಿಕ್ಕಿತು. ಹತ್ತಿಯದ್ದು, ತೆಳು, ಎಳೆ ನಿಂತಿರುವುದಿಲ್ಲ. ಇದಕ್ಕೆ ಮಷೀನು ಬೇಕಾಗಿಯೇ ಇಲ್ಲ. ತಣ್ಣೀರಲ್ಲಿ, ಬೇರೆ ಬಟ್ಟೆ ಸೇರಿಸದೆ, ಬೇಗ ಬೇಗ ಕೈಯಲ್ಲಿ ಒಗೆದು ನೆರಳಲ್ಲಿ ಹರಡಿ. ನೆನೆಹಾಕಿ ಬಿಟ್ಟರೆ ಕೆಂಪು ಬಣ್ಣ ಬಿಳಿಗೆ ಹತ್ತಬಹುದು.

ಬಣ್ಣ ಬಿಡುತ್ತದೋ ಇಲ್ಲವೋ ನೋಡುವುದು ಸುಲಭ. ಸೋಫಾ ಕೆಳಗೆ ಹೋಗುವ ಮೂಲೆಯಲ್ಲಿ ನೀವು ಬಳಸುವ ಕ್ಲೀನರನ್ನು ಸ್ವಲ್ಪ ಹಾಕಿ, ಬಿಳಿ ಬಟ್ಟೆ ಇಟ್ಟು ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಬಂದರೆ ಮುಂದೆ ಹೋಗಬೇಡಿ.

ಗಲೀಜು ಈಗಷ್ಟೇ ಆಗಿದ್ದರೆ

ಮಷೀನು ತರುವುದಕ್ಕೆ ಓಡಬೇಡಿ. ಮೊದಲು ಕೈಗೆ ಗ್ಲೌಸ್. ಮಳೆಗಾಲದಲ್ಲಿ ಮುಂಬೈಯಲ್ಲಿ ಲೆಪ್ಟೊಸ್ಪೈರೋಸಿಸ್ ವರ್ಷ ವರ್ಷ ಕಾಣಿಸಿಕೊಳ್ಳುವ ಕಾಯಿಲೆ, ಇಲಿಗಳಿಂದ ಮಾತ್ರ ಅಲ್ಲ, ಸೋಂಕು ತಗಲಿದ ನಾಯಿಯ ಉಚ್ಚೆಯಿಂದಲೂ ಬರಬಹುದು. ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕಿನ ಕಕ್ಕಸು ತೆಗೆಯುವ ಕೆಲಸ ಬೇರೆಯವರು ಮಾಡಲಿ.

ಗಟ್ಟಿ ಪದಾರ್ಥವನ್ನು ಮಷೀನಿನಲ್ಲಿ ಹೀರಬಾರದು. ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ, ಬ್ರಷ್ ಇದ್ದರೆ ಕಾರ್ಪೆಟ್ ತುಂಬ ಹರಡುತ್ತದೆ, ಆಮೇಲೆ ಮಷೀನು ತೊಳೆಯುವುದೇ ಒಂದು ದಿನದ ಕೆಲಸ. ಹಳೆ ಮದುವೆ ಕಾಗದದಂಥ ಗಟ್ಟಿ ರಟ್ಟು ತಗೊಂಡು ಹೊರಗಿನಿಂದ ಒಳಕ್ಕೆ ಎತ್ತಿ. ಭೇದಿ ಆಗಿದ್ದರೆ ಉಜ್ಜುವುದಕ್ಕಿಂತ ಎತ್ತುವಷ್ಟು ಎತ್ತಿ, ಉಳಿದದ್ದನ್ನು ಸ್ವಲ್ಪ ಆರಲು ಬಿಟ್ಟು ಕೆರೆದು ತೆಗೆಯುವುದು ಮೇಲು. ವಾಂತಿ ಮಾತ್ರ ಕಾಯಬಾರದು. ಅದರಲ್ಲಿ ಹೊಟ್ಟೆಯ ಆಮ್ಲ ಇರುತ್ತದೆ, ಹಳದಿ ಪಿತ್ತ ಇದ್ದರೆ ಕಲೆ ಬೇಗ ಕೂರುತ್ತದೆ. ಮೇಲೆ ಅಡುಗೆ ಸೋಡಾ ಉದುರಿಸಿ, ಅದು ತೇವ ಹೀರಿ ಮುದ್ದೆ ಆದ ಮೇಲೆ ಎತ್ತಿಬಿಡಿ. ನಾಯಿ, ಬೆಕ್ಕಿಗೆ ಪ್ಯಾಕೆಟ್ಟಿನ ಬಣ್ಣ ಹಾಕಿದ ಕಾಳು ತಿನ್ನಿಸುವವರು ಕಂದು, ಕೆಂಪು ಕಲೆಗೂ ತಯಾರಿರಿ.

ಉಚ್ಚೆ ಆದರೆ ಒಂದೇ ಮಂತ್ರ: ಒತ್ತಿ, ಉಜ್ಜಬೇಡಿ. ಹಳೆ ಬಿಳಿ ಪಂಚೆ, ಟವೆಲ್, ಬನೀನು ಯಾವುದಾದರೂ ಸರಿ. ನಾಲ್ಕು ಮಡಿಕೆ ಮಾಡಿ ಹಾಕಿ ಮೇಲೆ ನಿಂತುಬಿಡಿ. ಬಟ್ಟೆ ಒದ್ದೆ ಆದಂತೆ ಬದಲಿಸುತ್ತಾ ಹೋಗಿ. ಬಣ್ಣದ ಬಟ್ಟೆ ಬೇಡ, ಅದರ ಬಣ್ಣ ಕಾರ್ಪೆಟ್ಟಿಗೆ ಇಳಿಯುತ್ತದೆ.

ಈಗ ಕಾರ್ಪೆಟ್ ಎತ್ತಿ ಕೆಳಗೆ ನೋಡಿ. ಅಂಟಿಸಿದ ಕಾರ್ಪೆಟ್ ಇರುವವರಿಗೆ ಇಲ್ಲದ ಅನುಕೂಲ ನಮಗೆ ಇರುವುದು ಇದೊಂದೇ, ಆದರೂ ಯಾರೂ ಎತ್ತುವುದಿಲ್ಲ. ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಕಾಣುವ ಕಲೆ ಕೆಳಗೆ ತಿಂಡಿ ತಟ್ಟೆಯಷ್ಟು ಹರಡಿರುತ್ತದೆ. ಟೈಲ್ಸ್ ಮೇಲೂ ನಿಂತಿರುತ್ತದೆ, ಟೈಲ್ಸ್ ಸಂದಿಯ ಸಿಮೆಂಟು ಅದನ್ನು ಕುಡಿದಿರುತ್ತದೆ. ಕಾರ್ಪೆಟ್ ಎಷ್ಟೇ ತೊಳೆದರೂ ವಾಸನೆ ಹೋಗಲಿಲ್ಲ ಅನ್ನುವ ಮನೆಗಳಲ್ಲಿ ವಾಸನೆ ಬರುವುದು ಎಷ್ಟೋ ಸಲ ಆ ಸಂದಿಯಿಂದ. ಅಲ್ಲಿಗೂ ಎಂಜೈಮ್ ಕ್ಲೀನರ್ (ವಾಸನೆಯ ಮೂಲವನ್ನೇ ಒಡೆಯುವ ದ್ರವ, ಮುಂದೆ ಹೇಳುತ್ತೇನೆ) ಹಾಕಿ. ಕೆಳಗೆ ಜಾರದಂತೆ ಹಾಕಿರುವ ರಬ್ಬರ್ ಜಾಲರಿ ಇದ್ದರೆ ಅದನ್ನು ತೆಗೆದು ಬೇರೆಯಾಗಿ ತೊಳೆಯಿರಿ.

ಎಂಜೈಮ್ ಯಾಕೆ, ಫಿನಾಯಿಲ್ ಯಾಕೆ ಬೇಡ

ನಮ್ಮ ಮನೆಗಳಲ್ಲಿ ಏನೇ ಗಲೀಜು ಆಗಲಿ, ಮೊದಲು ಕೈ ಹೋಗುವುದು ಫಿನಾಯಿಲ್ ಬಾಟಲಿಗೆ. ಮನೆಗೆಲಸದವಳಿಗೂ ಅದೇ ಅಭ್ಯಾಸ, ಅವಳಿಗೆ ಹೇಳಿ ಹೇಳಿ ಸಾಕಾಗುತ್ತದೆ. ಫಿನಾಯಿಲ್, ಡೆಟಾಲ್ ಇವೆಲ್ಲ ಬೆಕ್ಕಿಗೆ ವಿಷ. ಬೆಕ್ಕು ಅದರ ಮೇಲೆ ನಡೆದು, ಆಮೇಲೆ ಕಾಲು ನೆಕ್ಕಿಕೊಳ್ಳುತ್ತದೆ, ಬೆಕ್ಕಿನ ಲಿವರಿಗೆ ಆ ರಾಸಾಯನಿಕ ಅರಗಿಸುವ ಶಕ್ತಿ ಇಲ್ಲ. ಬ್ಲೀಚಿಂಗ್ ಇನ್ನೂ ಅಪಾಯ: ಉಚ್ಚೆಯಲ್ಲಿ ಅಮೋನಿಯ ಇರುತ್ತದೆ, ಬ್ಲೀಚ್ ಜೊತೆ ಸೇರಿದರೆ ಕ್ಲೋರಮೈನ್ ಅನಿಲ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಅದು ಎದೆಗೆ ಹೋದರೆ ಕೆಮ್ಮು, ಉಸಿರಿನ ತೊಂದರೆ. ಕಾರ್ಪೆಟ್ ಬಣ್ಣವೂ ಹೋಗುತ್ತದೆ.

ವಾಸನೆಯ ಲೆಕ್ಕ ಹೀಗಿದೆ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯ ಮಾಡುತ್ತವೆ, ಅದಕ್ಕೇ ಮೊದಲ ದಿನಕ್ಕಿಂತ ಮೂರನೇ ದಿನ ನಾತ ಜಾಸ್ತಿ. ಬೆಕ್ಕಿನದರಲ್ಲಿ ಇದರ ಜೊತೆಗೆ ಫೆಲಿನೈನ್ ಅನ್ನುವ ಪದಾರ್ಥ ಇದೆ, ಅದು ಒಡೆದಾಗ ಗಂಧಕದ ಥರದ ಘಾಟು ಬರುತ್ತದೆ. ಆಪರೇಷನ್ ಮಾಡಿಸದ ಗಂಡು ಬೆಕ್ಕಿನಲ್ಲಿ ಇದು ಬಹಳ. ಮಾಮೂಲಿ ಸೋಪು ಕಲೆ ತೆಗೆಯಬಹುದು, ಈ ಪದಾರ್ಥಗಳನ್ನು ಒಡೆಯುವುದಿಲ್ಲ. ಎಳೆಗಳಲ್ಲಿ ಉಳಿದ ಉಪ್ಪು ಗಾಳಿಯ ತೇವ ಹೀರಿಕೊಂಡಾಗಲೆಲ್ಲ ವಾಸನೆ ಎದ್ದು ಬರುತ್ತದೆ. ಏಪ್ರಿಲ್‌ನಲ್ಲಿ ಹೋಯಿತು ಅಂದುಕೊಂಡದ್ದು ಜೂನ್ ಮಳೆಗೆ ಮತ್ತೆ ಹಾಜರಾಗುವುದು ಇದಕ್ಕೇ.

ಎಂಜೈಮ್ ಕ್ಲೀನರ್ ಈ ಮೂಲವನ್ನೇ ಒಡೆಯುತ್ತದೆ. ಪೆಟ್ ಶಾಪಿನಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಆದರೆ ಅದಕ್ಕೆ ಸಮಯ ಬೇಕು, ತೇವ ಬೇಕು. ಸ್ಪ್ರೇ ಮಾಡಿ ತಕ್ಷಣ ಮಷೀನಿನಲ್ಲಿ ಹೀರಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಬಾಟಲಿ ಮೇಲೆ ಹತ್ತು ಹದಿನೈದು ನಿಮಿಷ ಅಂತ ಇದ್ದರೆ ಕನಿಷ್ಠ ಅಷ್ಟು ಬಿಡಿ, ಹಳೆ ಕಲೆಗೆ ಒಂದೆರಡು ಗಂಟೆ ಬಿಟ್ಟರೂ ಒಳ್ಳೆಯದೇ. ಫ್ಯಾನ್ ಕೆಳಗೆ ಒಣಗಿ ಹೋಗದಂತೆ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಉಚ್ಚೆ ಎಷ್ಟು ಅಗಲಕ್ಕೆ, ಎಷ್ಟು ಆಳಕ್ಕೆ ಹೋಗಿದೆಯೋ ಕ್ಲೀನರೂ ಅಲ್ಲಿಯವರೆಗೆ ಹೋಗಬೇಕು, ಮೇಲೆ ಮೇಲೆ ಚಿಮುಕಿಸಿದರೆ ಸಾಲದು. ಅದರ ಮೊದಲು ಫಿನಾಯಿಲೋ ಸೋಪೋ ಹಾಕಿದ್ದರೆ ಬರೀ ನೀರು ಹಾಕಿ ಹೀರಿ ತೆಗೆದುಬಿಡಿ, ಇಲ್ಲವಾದರೆ ಎಂಜೈಮ್ ಕೆಲಸ ಮಾಡುವುದಿಲ್ಲ. ಬಿಸಿನೀರೂ ಅದನ್ನು ಕೊಲ್ಲುತ್ತದೆ.

ಉಣ್ಣೆ, ರೇಷ್ಮೆಗೆ ಮಾತ್ರ ಹುಷಾರು. ಅವೇ ಪ್ರೋಟೀನ್. ಪ್ರೋಟೀನ್ ಒಡೆಯುವ ಎಂಜೈಮ್ ಎಳೆಗಳನ್ನೂ ತಿನ್ನಬಹುದು. ಉಣ್ಣೆಗೆ ಆಗುತ್ತದೆ ಅಂತ ಬಾಟಲಿ ಮೇಲೆ ಬರೆದಿದ್ದರೆ ಮಾತ್ರ ಬಳಸಿ.

ವಿನೆಗರ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅರ್ಧ ವಿನೆಗರ್ ಅರ್ಧ ನೀರು ಅಮೋನಿಯದ ಘಾಟು ಕಡಿಮೆ ಮಾಡುತ್ತದೆ ನಿಜ, ಆದರೆ ನೆಲ ಮಾರ್ಬಲ್, ಕೋಟಾ ಅಥವಾ ಕಡಪ ಕಲ್ಲಿನದ್ದಾದರೆ ಅದು ಸೋರಿ ಕಲ್ಲಿನ ಹೊಳಪು ತಿಂದುಬಿಡುತ್ತದೆ. ಹಳೆ ಮಾಟುಂಗ, ದಾದರ್ ಬಿಲ್ಡಿಂಗುಗಳ ಮೊಸಾಯಿಕ್ ಟೈಲ್ಸಿಗೂ ಅದೇ ಗತಿ. ಕಾರ್ಪೆಟ್ಟನ್ನು ಬೇರೆ ಕಡೆ ಹರಡಿಕೊಂಡು ಮಾಡಿ.

ಈಗ ಮಷೀನು

ಬೆಳಿಗ್ಗೆ ಶುರು ಮಾಡಿ. ಸಂಜೆ ಆಫೀಸಿಂದ ಬಂದು ಶುರು ಮಾಡಿದರೆ ರಾತ್ರಿ ಒದ್ದೆ ಕಾರ್ಪೆಟ್ ಜೊತೆ ಮಲಗಬೇಕು. ಸೊಸೈಟಿಯಲ್ಲಿ ನೀರು ಬರುವ ಹೊತ್ತೂ ನೋಡಿಕೊಳ್ಳಿ, ಬರೀ ನೀರಲ್ಲಿ ಜಾಲಿಸುವ ಹೊತ್ತಿಗೆ ನಲ್ಲಿ ನಿಂತರೆ ಸೋಪು ಕಾರ್ಪೆಟ್ಟಿನಲ್ಲೇ ಉಳಿಯುತ್ತದೆ. ನಾಯಿಯನ್ನೂ ಬೆಕ್ಕನ್ನೂ ಬೇರೆ ಕೋಣೆಯಲ್ಲಿ ಬಿಡಿ, ಈ ಸದ್ದಿಗೆ ಹೆದರಿ ಅಲ್ಲೇ ಇನ್ನೊಂದು ಕಡೆ ಮಾಡಿಬಿಡುವ ಜೀವಗಳೂ ಇವೆ.

ಮೊದಲು ಒಣ ವ್ಯಾಕ್ಯೂಮ್. ಪೂರ್ತಿ ಕಾರ್ಪೆಟ್ಟಿನ ಕೂದಲು, ಧೂಳು ತೆಗೆಯಿರಿ, ಗಲೀಜಾದ ಒದ್ದೆ ಜಾಗ ಬಿಟ್ಟು. ಕೂದಲು ಇದ್ದಂತೆ ನೀರು ಹಾಕಿದರೆ ಅದು ಉಂಡೆ ಕಟ್ಟಿ ಎಳೆಗಳ ಬುಡಕ್ಕೆ ಹೋಗಿ ಕೂರುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಒಂದೇ ದಿಕ್ಕಿಗೆ ಸವರಿದರೂ ಕೂದಲು ಚೆನ್ನಾಗಿ ಬರುತ್ತದೆ.

ಚೊಕ್ಕ ನೀರಿನ ಟ್ಯಾಂಕಿಗೆ ಉಗುರು ಬೆಚ್ಚಗಿನ ನೀರು, ಉಣ್ಣೆಯದ್ದಾದರೆ ತಣ್ಣೀರೇ. ಗೀಸರಿನ ಕುದಿ ಬೇಡ. ಮಷೀನಿನ ಜೊತೆ ಬಂದ ಕ್ಲೀನರ್ ಇದ್ದರೆ ಅದನ್ನೇ, ಅದರ ಅಳತೆಗಿಂತ ಕಡಿಮೆಯೇ ಹಾಕಿ. ಬಟ್ಟೆ ಪೌಡರ್, ಪಾತ್ರೆ ತೊಳೆಯುವ ಲಿಕ್ವಿಡ್, ಶಾಂಪೂ ಯಾವುದೂ ಬೇಡ. ಅವು ನೊರೆ ಬರಲೆಂದೇ ಮಾಡಿದ್ದು. ಈ ಮಷೀನಿಗೆ ನೊರೆ ಶತ್ರು. ಕೊಳಕು ನೀರು ತುಂಬಿದರೆ ಒಳಗೊಂದು ತೇಲುವ ಮುಚ್ಚಳ ಮೇಲೆದ್ದು ಹೀರುವುದನ್ನು ನಿಲ್ಲಿಸುತ್ತದೆ, ನೊರೆ ಆ ಮುಚ್ಚಳವನ್ನು ಎಬ್ಬಿಸದೆ ಸೀದಾ ಮೋಟರಿಗೆ ನುಗ್ಗಬಹುದು. ಅದರಲ್ಲೂ ಮುಂಬೈ ಮಹಾನಗರಪಾಲಿಕೆಯ ನೀರು ಭಾತ್ಸಾ, ತಾನ್ಸಾ, ವೈತರಣಾದಂಥ ಕೆರೆಗಳಿಂದ ಬರುವ ಮೆದು ನೀರು, ಒಂದು ಚಮಚ ಸೋಪಿಗೇ ಬುರುಬುರು ನೊರೆ. ಟ್ಯಾಂಕರ್, ಬೋರ್‌ವೆಲ್ ನೀರು ಹಾಕುವವರಿಗೆ ನೊರೆ ಕಡಿಮೆ ಬರಬಹುದು, ಆದರೆ ಗಡಸು ನೀರಿನ ಸುಣ್ಣ ನಾಜಲ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಅಡುಗೆ ಸೋಡಾವನ್ನಂತೂ ಟ್ಯಾಂಕಿಗೆ ಹಾಕಬೇಡಿ.

ಎಂಜೈಮ್ ಹಾಕಿ ಬಿಟ್ಟಿದ್ದ ಜಾಗದಿಂದ ಶುರು. ಮೊದಲ ಸುತ್ತು ನೀರು ಬಿಡದೆ ಬರೀ ಹೀರಿ, ಎಷ್ಟು ಬರುತ್ತದೋ ಬರಲಿ. ಆಮೇಲೆ ಗುಂಡಿ ಒತ್ತಿ, ಮಷೀನಿನ ಬಾಯನ್ನು ಕಾರ್ಪೆಟ್ಟಿಗೆ ಒತ್ತಿ ಹಿಡಿದು, ನಿಮ್ಮ ಕಡೆಗೆ ನಿಧಾನವಾಗಿ ಎಳೆಯಿರಿ. ನಿಧಾನ ಅಂದರೆ ನಿಜವಾಗಿ ನಿಧಾನ, ಒಂದಡಿಗೆ ಎರಡು ಮೂರು ಸೆಕೆಂಡು. ನೆಲ ಒರೆಸುವ ಹಾಗೆ ಸರಸರ ಹಿಂದೆ ಮುಂದೆ ಮಾಡುವವರನ್ನು ನೋಡಿದರೆ ನನಗೆ ಕೈ ಹಿಡಿದು ನಿಲ್ಲಿಸಬೇಕು ಅನಿಸುತ್ತದೆ. ಅಷ್ಟು ಬೇಗ ಎಳೆದರೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಒಂದು ಸಲ ನೀರು ಬಿಟ್ಟು ಎಳೆದರೆ, ಅದೇ ಪಟ್ಟಿಯ ಮೇಲೆ ಗುಂಡಿ ಬಿಟ್ಟು ಎರಡು ಮೂರು ಸಲ ಬರೀ ಹೀರಬೇಕು. ಪಾರದರ್ಶಕ ಬಾಯಿಯಲ್ಲಿ ನೀರು ಓಡುವುದು ಕಾಣುತ್ತದೆ, ಅದು ನಿಲ್ಲುವವರೆಗೆ ಮುಂದಿನ ಪಟ್ಟಿಗೆ ಹೋಗಬೇಡಿ. ಪಕ್ಕದ ಪಟ್ಟಿ ಹಿಂದಿನದರ ಮೇಲೆ ಒಂದಿಂಚು ಕೂತಿರಲಿ. ಕಲೆಯ ಸುತ್ತ ಒಂದು ಗೇಣು ಜಾಸ್ತಿ ಜಾಗವನ್ನೂ ಸೇರಿಸಿಕೊಳ್ಳಿ, ಹೊರಗಿನಿಂದ ನಡುವಿಗೆ ಬನ್ನಿ. ಇಲ್ಲವಾದರೆ ನಡುವೆ ಚೊಕ್ಕ ಆಗಿ ಸುತ್ತ ಉಂಗುರ ಕಾಣುತ್ತದೆ.

ಬ್ರಷ್ ಮೋಟರ್ ಇರುವ ಮಷೀನಿನಲ್ಲಿ ಅದನ್ನು ಕೆಸರಿನ ಹೆಜ್ಜೆಗಳಿಗೆ ಇಟ್ಟುಕೊಳ್ಳಿ. ಮಳೆಯಲ್ಲಿ ಸುತ್ತಾಡಿ ಬಂದ ನಾಯಿಯ ಕಾಲಿನ ಕೆಸರು ಪೂರ್ತಿ ಒಣಗಿದ ಮೇಲೆ ಉದುರಿಸಿ, ವ್ಯಾಕ್ಯೂಮ್ ಮಾಡಿ, ಉಳಿದದ್ದಕ್ಕೆ ಬ್ರಷ್ ಹಾಕಿ. ಉಚ್ಚೆಗೆ ಬ್ರಷ್ ಅಷ್ಟಾಗಿ ಬೇಕಾಗುವುದಿಲ್ಲ.

ಇಷ್ಟಾದ ಮೇಲೆ ಟ್ಯಾಂಕು ಖಾಲಿ ಮಾಡಿ, ಬರೀ ನೀರು ತುಂಬಿ, ಮತ್ತೊಮ್ಮೆ ಎಲ್ಲ ಅದೇ ರೀತಿ. ಬೇಜಾರಿನ ಕೆಲಸ, ಗೊತ್ತು. ಆದರೆ ಎಳೆಗಳಲ್ಲಿ ಉಳಿದ ಸೋಪು ಅಂಟಂಟಾಗಿ ಧೂಳನ್ನೆಲ್ಲ ಹಿಡಿಯುತ್ತದೆ, ಹದಿನೈದು ದಿನದಲ್ಲಿ ಅದೇ ಜಾಗ ಕಪ್ಪಾಗುತ್ತದೆ, ನೀವು ನಾಯಿಯನ್ನು ಬೈಯುತ್ತೀರಿ. ಕೊಳಕು ಟ್ಯಾಂಕಿಗೆ ಬರುವ ನೀರು ಸುಮಾರಾಗಿ ತಿಳಿ ಆದರೆ ಸಾಕು. ನಂತರ ಕಾರ್ಪೆಟ್ ಮಗುಚಿ ಹಿಂಭಾಗದಲ್ಲೂ ಬರೀ ಹೀರುವ ಸುತ್ತು ಒಂದೆರಡು. ಸೋಫಾ, ಹಾಸಿಗೆಗಾದರೆ ಇದರ ಅರ್ಧದಷ್ಟೂ ನೀರು ಬಿಡಬೇಡಿ, ಒಳಗಿನ ಫೋಮ್ ಕುಡಿದ ನೀರನ್ನು ಯಾವ ಮಷೀನೂ ಪೂರ್ತಿ ಎಳೆಯುವುದಿಲ್ಲ.

ಹಳೆ ಕಲೆ ಹುಡುಕುವುದು

ವಾಸನೆ ಇದೆ, ಜಾಗ ಗೊತ್ತಾಗುತ್ತಿಲ್ಲ ಅನ್ನುವವರು ಒಂದು ಯುವಿ ಟಾರ್ಚ್ ತಗೊಳ್ಳಿ. ರಾತ್ರಿ ಲೈಟ್ ಆರಿಸಿ, ಪರದೆ ಎಳೆದು ಬಿಟ್ಟರೆ ಉಚ್ಚೆ ಆದ ಜಾಗ ಮಂದ ಹಳದಿ ಹಸಿರಾಗಿ ಹೊಳೆಯುತ್ತದೆ. ಬಟ್ಟೆ ಪೌಡರ್ ಬಿದ್ದ ಜಾಗವೂ ಹೊಳೆಯುತ್ತದೆ, ಅದು ನೀಲಿ ಬಿಳಿ. ಕೊನೆಗೆ ಮೂಗನ್ನೇ ನಂಬಬೇಕು. ಚಾಕ್‌ಪೀಸಿನಲ್ಲಿ ಸುತ್ತ ಗುರುತು ಮಾಡಿಕೊಂಡು ಲೈಟ್ ಹಾಕಿ. ಸೋಫಾದ ಕೆಳಗಿನ ಅಂಚು, ಪರದೆಯ ತುದಿ, ಬಾಗಿಲ ಚೌಕಟ್ಟು ಇವೂ ನೋಡಿ, ಗಂಡು ನಾಯಿ ಕಾಲೆತ್ತಿದರೆ ಕಾರ್ಪೆಟ್ಟಿಗೆ ಬೀಳುವುದು ಸೋರಿದ್ದು ಮಾತ್ರ. ಹಳೆ ಕಲೆ ಒಂದೇ ಸಲಕ್ಕೆ ಹೋಗುವುದಿಲ್ಲ. ಎಂಜೈಮ್, ಕಾಯುವುದು, ಹೀರುವುದು, ಪೂರ್ತಿ ಒಣಗಿಸುವುದು, ಆಮೇಲೆ ಮೂಸಿ ನೋಡಿ ಮತ್ತೆ. ಒದ್ದೆ ಇರುವಾಗ ವಾಸನೆ ಜಾಸ್ತಿಯೇ ಬರುತ್ತದೆ, ಗಾಬರಿ ಬೇಡ.

ಒಣಗಿಸುವುದು, ಇಲ್ಲೇ ಮುಂಬೈ ಕೈ ಕೊಡುವುದು

ಪುಣೆಯ ಒಣ ಗಾಳಿಯಲ್ಲಿ ಮಾರ್ಚ್ ತಿಂಗಳಲ್ಲಿ ಸಂಜೆಯೊಳಗೆ ಒಣಗುವ ಕಾರ್ಪೆಟ್ ಮುಂಬೈಯ ಜುಲೈನಲ್ಲಿ ಎರಡು ದಿನಕ್ಕೂ ಒಣಗುವುದಿಲ್ಲ. ಗೋವಾದಲ್ಲಿ ಇರುವವರಿಗೆ ಹೇಳುವುದೇ ಬೇಡ. ಒಂದೆರಡು ದಿನ ಒದ್ದೆ ಉಳಿದರೆ ಬೂಷ್ಟು ಶುರುವಾಗುತ್ತದೆ, ಆಗ ಉಚ್ಚೆ ವಾಸನೆಯ ಜಾಗಕ್ಕೆ ಮುಗ್ಗಲು ವಾಸನೆ ಬಂದು ಕೂರುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಲೀಜಾದ ಜಾಗಕ್ಕೆ ಮಾತ್ರ ಮಷೀನು ಹಚ್ಚಿ, ಪೂರ್ತಿ ಕಾರ್ಪೆಟ್ ತೊಳೆಯುವ ಆಸೆಯನ್ನು ದೀಪಾವಳಿ ಮುಂಚಿನ ಸಫಾಯಿಗೆ ಇಟ್ಟುಕೊಳ್ಳಿ.

ಮೊದಲು ಕಲೆಯಿದ್ದ ಜಾಗದ ಮೇಲೆ ಒಣ ಬಿಳಿ ಟವೆಲ್ ಹಾಕಿ, ಮೇಲೆ ಭಾರ ಇಡಿ. ಪ್ಲಾಸ್ಟಿಕ್ ಹಾಳೆ ಹಾಕಿ ಅದರ ಮೇಲೆ ಹಿಟ್ಟಿನ ಡಬ್ಬಿ ಇಟ್ಟರೂ ಆದೀತು. ಒಣಗುವಾಗ ಬುಡದಲ್ಲಿದ್ದ ಕೊಳೆ ತೇವದ ಜೊತೆ ಎಳೆಗಳ ತುದಿಗೆ ಏರಿ ಬರುತ್ತದೆ, 'ಹೋದ ಕಲೆ ವಾಪಸ್ ಬಂತು' ಅನ್ನುವುದು ಇದೇ. ಟವೆಲ್ ಇದ್ದರೆ ಅದು ಟವೆಲಿಗೆ ಹತ್ತುತ್ತದೆ. ಕೆಲವು ಗಂಟೆ ಬಿಟ್ಟು ಟವೆಲ್ ತೆಗೆದು, ಎರಡು ಪ್ಲಾಸ್ಟಿಕ್ ಸ್ಟೂಲು ಅಥವಾ ಬಟ್ಟೆ ಸ್ಟ್ಯಾಂಡಿನ ಮೇಲೆ ಕಾರ್ಪೆಟ್ ಹಾಸಿ. ಕೆಳಗೂ ಗಾಳಿ ಆಡಬೇಕು. ಟೇಬಲ್ ಫ್ಯಾನನ್ನು ಪಕ್ಕದಿಂದ ಬಿಡಿ. ಎಸಿ ಇದ್ದರೆ ಡ್ರೈ ಮೋಡ್‌ನಲ್ಲಿ ಹಾಕಿ ಕೋಣೆ ಮುಚ್ಚಿ. ಮಳೆ ಸುರಿಯುತ್ತಿರುವಾಗ ಗಾಳಿ ಬರಲಿ ಅಂತ ಕಿಟಕಿ ತೆಗೆಯುವುದು ತಪ್ಪು, ಬರುವುದು ಗಾಳಿಯಲ್ಲ, ತೇವ.

ಬಿಸಿಲಿದ್ದರೆ ಟೆರೇಸು. ಕೀಲಿ ಸೊಸೈಟಿ ಸೆಕ್ರೆಟರಿ ಹತ್ತಿರ ಇರುತ್ತದೆ, ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಹಿಂಭಾಗ ಮೇಲೆ ಮಾಡಿ ಹರಡಿ, ಬಣ್ಣ ಮಾಸುವುದಿಲ್ಲ. ಪಾರಿವಾಳಗಳ ಬಗ್ಗೆ ನಾನು ಹೇಳಬೇಕಾಗಿಲ್ಲ, ಒಂದು ಗಲೀಜು ತೆಗೆದು ಇನ್ನೊಂದು ತರಬೇಡಿ, ಮೇಲೆ ತೆಳು ಸೀರೆ ಹೊದಿಸಿ. ಪೂರ್ತಿ ಒಣಗಿದ ಮೇಲೆ ಬೇಕಾದರೆ ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ಗುಡಿಸಿ ತೆಗೆಯಿರಿ. ವ್ಯಾಕ್ಯೂಮ್ ಹಾಕುವುದಾದರೆ ಫಿಲ್ಟರ್ ಆಮೇಲೆ ಕೊಡವಿ, ಆ ನುಣ್ಣನೆಯ ಪುಡಿ ಅದನ್ನು ಬೇಗ ಕಟ್ಟಿಸುತ್ತದೆ.

ಮಷೀನು ತೊಳೆಯದೆ ಇಟ್ಟರೆ ಮುಂದಿನ ಸಲ ಅದೇ ನಾರುತ್ತದೆ. ಕೊಳಕು ನೀರನ್ನು ಕಮೋಡಿಗೆ ಸುರಿಯಿರಿ, ಅಡುಗೆ ಮನೆ ಸಿಂಕಿಗಾಗಲಿ ಬಾತ್‌ರೂಮಿನ ಜಾಲಿಗಾಗಲಿ ಬೇಡ, ಕೂದಲು ಕಟ್ಟಿಕೊಂಡರೆ ಪ್ಲಂಬರನ್ನು ಕರೆಯಬೇಕಾಗುತ್ತದೆ. ಒಂದು ಮಗ್ಗು ಚೊಕ್ಕ ನೀರನ್ನು ಪೈಪಿನಿಂದಲೇ ಹೀರಿಸಿ, ಬ್ರಷ್‌ನ ಕೂದಲು ತೆಗೆದು, ಟ್ಯಾಂಕುಗಳ ಬಾಯಿ ತೆರೆದಿಟ್ಟು ಒಣಗಿಸಿ.

ಮತ್ತೆ ಮತ್ತೆ ಅಲ್ಲೇ ಮಾಡುತ್ತಿದ್ದರೆ

ನಮ್ಮ ಮೂಗಿಗೆ ಹೋಯಿತು ಅನಿಸಿದ ವಾಸನೆ ಅವುಗಳ ಮೂಗಿಗೆ ಉಳಿದಿರಬಹುದು. ಇನ್ನೊಂದು ಸುತ್ತು ಎಂಜೈಮ್ ಹಾಕಿ ನೋಡಿ. ಬೆಕ್ಕು ಇದ್ದ ಮನೆಯಲ್ಲಿ ಲಿಟರ್ ಟ್ರೇ ಬೆಕ್ಕಿಗೊಂದರಂತೆ, ಮೇಲೊಂದು ಜಾಸ್ತಿ ಇರಬೇಕು ಅನ್ನುತ್ತಾರೆ ಡಾಕ್ಟರು, ನಮ್ಮ ಮನೆಗಳ ಅಳತೆಗೆ ಅದು ಕಷ್ಟ, ಕಡೇಪಕ್ಷ ಇರುವುದನ್ನು ದಿನಾ ಚೊಕ್ಕ ಮಾಡಿ. ಗಣೇಶ ಚೌತಿಯ ಢೋಲ್ ತಾಶೆ, ದೀಪಾವಳಿ ಪಟಾಕಿಗೆ ಹೆದರಿ ಮನೆಯೊಳಗೇ ಉಚ್ಚೆ ಮಾಡುವ ನಾಯಿಗಳಿವೆ. ಆ ದಿನಗಳಲ್ಲಿ ಕಾರ್ಪೆಟ್ ಸುತ್ತಿ ಮಂಚದ ಕೆಳಗೆ ತಳ್ಳಿಬಿಡುವುದು ಎಲ್ಲಕ್ಕಿಂತ ಸುಲಭ ಉಪಾಯ.

ಮನೆ ಅಭ್ಯಾಸ ಇದ್ದ ನಾಯಿ ಇದ್ದಕ್ಕಿದ್ದಂತೆ ಒಳಗೆ ಮಾಡಲು ಶುರು ಮಾಡಿದರೆ, ಬೆಕ್ಕು ಪದೇ ಪದೇ ಕೂತು ಹನಿ ಹನಿ ಮಾಡಿದರೆ, ಉಚ್ಚೆಯಲ್ಲಿ ರಕ್ತ ಕಂಡರೆ ಕ್ಲೀನಿಂಗ್ ಪಕ್ಕಕ್ಕಿಡಿ. ಗಂಡು ಬೆಕ್ಕಿಗೆ ಉಚ್ಚೆ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಲಸಿಕೆ ಆಗದ ಮರಿಗೆ ರಕ್ತ ಭೇದಿ, ವಾಂತಿ ಆದರೂ ಹಾಗೇ. ಹತ್ತಿರದ ಡಾಕ್ಟರು ಸಿಗದಿದ್ದರೆ ಪರೇಲ್‌ನಲ್ಲಿ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, ಮುಂಬೈಯವರಿಗೆ ಬಹಳ ಹಳೆಯ ಪರಿಚಯ. ಹೋಗುವಾಗ ಯಾವಾಗಿನಿಂದ, ಎಷ್ಟು ಸಲ, ಯಾವ ಬಣ್ಣ ಅಂತ ಬರೆದುಕೊಂಡು ಹೋಗಿ, ಕಾರ್ಪೆಟ್ ಮೇಲಿನ ಕಲೆಯ ಫೋಟೊ ತೊಳೆಯುವ ಮೊದಲೇ ತೆಗೆದಿಟ್ಟಿದ್ದರೆ ಅದನ್ನೂ ತೋರಿಸಿ.